ಪರಮೇಶಿ ಬಿಡದ ಗುಂಡಿ

ಬನ್ರಪ್ಪಾ, ಕೂತ್ಕೊಳ್ಳಿ. ನಮ್ಮ ತಿಪಟೂರಿನ ಭಾಗೀರಥಕ್ಕ ಹ್ಯಾಮ್ ರೇಡಿಯೊದವಳು. ತಾನೇ ತಂತಿ ಸುತ್ತಿ, ತಾನೇ ಬೆಸುಗೆ ಹಾಕಿ ಮಾಡಿದ ಸೆಟ್ಟು! ಊರೂರಿನ ಗೆಳೆಯರ ಹತ್ತಿರ ಅದರಲ್ಲೇ ಮಾತು. ಮೈಕಿನ ಗುಂಡಿ ಒತ್ತಿದರೆ ಇವಳ ಮಾತು ಅವರಿಗೆ, ಬಿಟ್ಟರೆ ಅವರ ಮಾತು ಇವಳಿಗೆ. ಮಗ ಪರಮೇಶಿ ಮಾತ್ರ ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಪೆದ್ದ. "ಸೆಟ್ಟು ರಿಪೇರಿ ಮಾಡೋಕೆ ಬಂತು, ಇವನನ್ನ ರಿಪೇರಿ ಮಾಡೋಕೆ ಬರಲಿಲ್ಲವಲ್ಲ!" ಅಂತ ಹಣೆ ಚಚ್ಚಿಕೊಳ್ಳೋಳು.

ಸೆಟ್ಟಿನ ಫ್ರೀಕ್ವೆನ್ಸಿ ಅಳೆಯೋಕೆ ಆಫೀಸರು ಬರ್ತಾರೆ ಅಂತ ಸುದ್ದಿ ಬಂತು. ಗೊತ್ತುಮಾಡಿದ ಗಡಿ ದಾಟಿದ್ರೆ ಲೈಸೆನ್ಸ್ ಹೋಯ್ತು! ಮೊದಲೇ ನೋಡೋಣ ಅಂತ ಅಕ್ಕ ವೀರಭದ್ರ ಮೇಷ್ಟ್ರ ಮೀಟರು ತರಿಸಿದಳು. "ಸೆಟ್ಟಿಗೆ ಮೀಟರು ಹಿಡಿಯೋ," ಅಂದಳು. ಪರಮೇಶಿ ಏರಿಯಲ್ ಕಿತ್ತು, ಆ ತೂತಿಗೇ ಮೀಟರಿನ ತಂತಿ ತುರುಕಿ, ಮೈಕಿನ ಗುಂಡಿ ಒತ್ತಿದ. ಬುಸ್! ಮೀಟರಿನಿಂದ ಹೊಗೆ!

"ಅಯ್ಯೋ ಪೆದ್ದೇ! ಮುಟ್ಟಿಸಬಾರದು ಕಣೋ! ಒಂದು ಗೇಣು ದೂರ ಹಿಡೀಬೇಕು!"

"ಆಗಲಮ್ಮಾ!"

ಮೀಟರು ಕೇಳ್ಕೊಂಡು ಮೇಷ್ಟ್ರು ಬಂದರು. "ಕಾಫಿ ಕೊಡೋ," ಅಂದಳು. ಪರಮೇಶಿ ಲೋಟವನ್ನ ಮೇಷ್ಟ್ರ ಕೈಯಿಂದ ಒಂದು ಗೇಣು ದೂರ ಹಿಡಿದ. ಹಿಡಿದು ಬಿಟ್ಟ. ಕಾಫಿಯೆಲ್ಲ ಪಂಚೆ ಮೇಲೆ!

"ಅಯ್ಯೋ ಪೆದ್ದೇ! ಹಿಡಿದದ್ದನ್ನ ಬಿಡ್ತಾರೇನೋ? ನಾನು ಬಿಡು ಅನ್ನೋವರೆಗೂ ಬಿಡಬಾರದು!"

"ಆಗಲಮ್ಮಾ!"

ಆಫೀಸರು ಬರೋ ದಿನ ಬಂತು. "ಸೆಟ್ಟು ತಣ್ಣಗಿದ್ರೆ ಫ್ರೀಕ್ವೆನ್ಸಿ ಜಾರುತ್ತೆ, ಬೆಚ್ಚಗೆ ಮಾಡಿಡು," ಅಂತ ಹೇಳಿ ಸ್ನಾನಕ್ಕೆ ಹೋದಳು. ಬಂದು ನೋಡಿದರೆ ಅಂಗಳದ ಬಿಸಿಲಲ್ಲಿ, ಸಂಡಿಗೆ ಪಕ್ಕದಲ್ಲಿ ಸೆಟ್ಟು! ಅದನ್ನ ತಬ್ಬಿಕೊಂಡು ಪರಮೇಶಿ! "ಬಿಡು ಅನ್ನಮ್ಮಾ, ಬಿಡ್ತೀನಿ," ಅಂದ.

"ಬಿಡೋ! ಅಯ್ಯೋ ಪೆದ್ದೇ! ಸ್ವಿಚ್ಚು ಹಾಕಿದ್ರೆ ತಾನೇ ಬೆಚ್ಚಗಾಗುತ್ತೆ! ಇನ್ನು ಬಾಯಿ ಬಿಡಬೇಡ, ಕಲ್ಲಿನ ಹಾಗೆ ಇರು!"

ಈ ಸಲ ಅವನು "ಆಗಲಮ್ಮಾ" ಅಂತಲೂ ಅನ್ನಲಿಲ್ಲ.

ಆಫೀಸರು ಬಂದರು, ತಮ್ಮ ಮೀಟರು ಒಂದು ಗೇಣು ದೂರ ಇಟ್ಟರು. "ಮನೇಲಿ ಮಾಡಿದ ಸೆಟ್ಟು. ಪಕ್ಕದೋರು ಅಲುಗಿದ್ರೂ ಅಂಕಿ ಕುಣಿಯುತ್ತೆ. ಗುಂಡಿ ಒತ್ತೋರು ಯಾರು?" ಅಂದರು. ಕಲ್ಲಿನ ಹಾಗೆ ನಿಂತಿದ್ದ ಮಗನಿಗೆ ಭಾಗೀರಥಕ್ಕ, "ನೀನೇ ಒತ್ತೋ," ಅಂದಳು. ಪರಮೇಶಿ ಒತ್ತಿದ. ಕೆಮ್ಮಲಿಲ್ಲ, ಕೆರೆದುಕೊಳ್ಳಲಿಲ್ಲ, ಮೂಗಿನ ಮೇಲೆ ನೊಣ ಕೂತರೂ ಅಲುಗಲಿಲ್ಲ. ಅಂಕಿಯೂ ಅಲುಗಲಿಲ್ಲ, ಗಡಿಯೊಳಗೇ ನಿಂತಿತು! "ಪಾಸು," ಅಂದವರೇ ಆಫೀಸರು ಮೀಟರು ಎತ್ತಿಕೊಂಡು ಜೀಪು ಹತ್ತಿದರು.

ಭಾಗೀರಥಕ್ಕನಿಗೆ ಹೆಮ್ಮೆಯೋ ಹೆಮ್ಮೆ. ಮೈಕಿನ ಮುಂದೆಯೇ ನಿಂತು ಕೂಗಿದಳು: "ನನ್ನ ಮಗ ಕಣ್ರೋ! ಪೆದ್ದ ಅಂದೋರೆಲ್ಲ ಕೇಳಿಸ್ಕೊಳ್ಳಿ! ಆ ಆಫೀಸರ ಮೂತಿ ನೋಡಬೇಕಿತ್ತು, ಹರಳೆಣ್ಣೆ ಕುಡಿದ ಹಾಗಿತ್ತು!"

ತಿರುಗಿ ನೋಡ್ತಾಳೆ, ಪರಮೇಶಿ ಇನ್ನೂ ಗುಂಡಿ ಒತ್ತಿಕೊಂಡೇ ಇದಾನೆ!

"ಬಿಡೋ!"

ಬಿಟ್ಟ. ಸೆಟ್ಟು ಮಾತಾಡಿತು. "ಹಾಸನಕ್ಕೆ ಕೇಳಿಸ್ತಕ್ಕಾ!" "ಶಿವಮೊಗ್ಗಕ್ಕೂ ಕೇಳಿಸ್ತು!" ಕೊನೆಗೆ ಜೀಪಿನ ರೇಡಿಯೊದಿಂದ ಆಫೀಸರ ದನಿ: "ನನ್ನ ಮೂತಿಗೇನಾಗಿದೆ ತಾಯೀ?"

ಭಾಗೀರಥಕ್ಕ ಮೈಕಿನಿಂದ ಒಂದು ಗೇಣು ದೂರ ಸರಿದು, ಬಾಯಿ ಮುಚ್ಚಿಕೊಂಡು, ಕಲ್ಲಿನ ಹಾಗೆ ನಿಂತಳು. ಅಮ್ಮ ಕೊನೆಗೂ ಕಲಿತಳು ಅಂತ ಪರಮೇಶಿಗೆ ಹೆಮ್ಮೆಯಾಯಿತು.