ಟೊಕಿಜಿ ಬರೆದ ಉತ್ತರಗಳು

ಬಹಳ ಹಿಂದೆ, ಜಪಾನಿನ ಕಡಲ ಅಂಚಿನಲ್ಲಿ ಒಂದು ಊರಿತ್ತಂತೆ. ಆ ಊರಿನ ಹೆಸರು ಉರಾಶಿಯೊ. ನೀವೀಗ ಕೂತಿರುವುದು ಅದೇ ಊರಿನಲ್ಲಿ. ಆಗಲೂ ಹೀಗೇ ಗಾಳಿ, ಹೀಗೇ ಮಂಜು. ಆ ಊರಿನಲ್ಲಿ ಟೊಕಿಜಿ ಅಂತ ಒಬ್ಬನಿದ್ದ. ಟೀವಿಯ ಪರದೆಯ ಮೇಲೆ ಆಡುವ ಆಟಗಳನ್ನು ಕಟ್ಟುವವನು. ಆಟ ಕಟ್ಟುವುದರಲ್ಲಿ ಅವನಂಥ ಕಸುಬುದಾರ ಇನ್ನೊಬ್ಬ ಹುಟ್ಟಲಿಲ್ಲ ಅಂತಾರೆ.

ಅವನಿಗೆ ಒಬ್ಬಳೇ ಅಕ್ಕ, ಸವಾ. ಬೆನ್ನುಹುರಿಯ ಕಾಯಿಲೆ ಬಂದು ಹಾಸಿಗೆ ಹಿಡಿದವಳು. ಕೊಲ್ಲಿಯ ಆಚೆ ಗುಡ್ಡದ ಮೇಲಿದ್ದ ಆಸ್ಪತ್ರೆಯೇ ಅವಳ ಮನೆ. ಚಿಕ್ಕಂದಿನಲ್ಲಿ ಟೊಕಿಜಿ ಗ್ರಾಫ್ ಹಾಳೆಯ ಮೇಲೆ ಗೋಡೆಗಳ ನಡುವೆ ಸುತ್ತುವ ದಾರಿಗಳನ್ನು ಬರೆದು ಒಯ್ಯುತ್ತಿದ್ದನಂತೆ. ಅವಳು ಮಲಗಿದಲ್ಲೇ ಬೆರಳಿನಿಂದ ಆ ದಾರಿಯಲ್ಲಿ ನಡೆಯುತ್ತಿದ್ದಳಂತೆ. ಎಲ್ಲಾದರೂ ಸಿಕ್ಕಿಕೊಂಡರೆ, "ಇಲ್ಲಿ ದಾರಿಯಿಲ್ಲ ಕಣೋ" ಅನ್ನುತ್ತಿದ್ದಳು. ಅವನು ರಬ್ಬರು ತೆಗೆದು ಗೋಡೆ ಅಳಿಸುತ್ತಿದ್ದ. ಅವಳು ಮುಂದೆ ಹೋಗುತ್ತಿದ್ದಳು.

ದೊಡ್ಡವನಾದ ಮೇಲೆ ಅವನು ಪಟ್ಟಣಕ್ಕೆ ಹೋದ. ಆಟ ತಯಾರಿಸುವ ಒಂದು ಕಂಪನಿಗೆ ಸೇರಿದ. ಒಬ್ಬನೇ ಕೂತು ಚುಕ್ಕಿ ಚುಕ್ಕಿ ಇಟ್ಟು ಮನುಷ್ಯನನ್ನು ಮಾಡಿದ, ಮರ ಮಾಡಿದ, ಮಳೆ ಮಾಡಿದ. ಒಂದು ಅಲೆ ಸರಿಬರಲೆಂದು ನಲವತ್ತು ದಿನ ಕುರ್ಚಿ ಬಿಟ್ಟೇಳಲಿಲ್ಲ ಅಂತಾರೆ. ನೂರು ದಿನ ಅನ್ನುವವರೂ ಇದ್ದಾರೆ. ಪ್ರತಿ ಆಟವೂ ಮೊದಲು ಹೋಗುತ್ತಿದ್ದದ್ದು ಅಕ್ಕನ ಹಾಸಿಗೆಗೆ. ಅವಳು ಆಡಿ, ಇದು ಬೇಜಾರು, ಇಲ್ಲಿ ಹೆದರಿಕೆಯಾಯಿತು ಅಂತ ಕಾಗದ ಬರೆಯುತ್ತಿದ್ದಳು. ಅವನು ತಿದ್ದುತ್ತಿದ್ದ. ತಿದ್ದಿದ ಆಟ ದೇಶವೆಲ್ಲ ಹರಡುತ್ತಿತ್ತು.

ಹೆಸರು ಬಂತು. ಹೆಸರು ಬಂದ ಮೇಲೆ ಕಂಪನಿಯವರು ಅವನನ್ನು ಮೇಲೆ ಕೂರಿಸಿದರು. ಈಗ ಅವನ ಕೈಕೆಳಗೆ ಅರವತ್ತು ಜನ. ಅವರು ಬರೆಯುವುದು, ಇವನು ನೋಡುವುದು. ಗಾಜಿನ ಕೋಣೆ, ಉದ್ದ ಮೇಜು. ಅವನು ತೋರಿಸಿದ್ದೆಲ್ಲ ಚೆನ್ನಾಗಿದೆ ಅಂತಲೇ ಎಲ್ಲರೂ ಹೇಳುತ್ತಿದ್ದರಂತೆ. ಮಧ್ಯಾಹ್ನದ ಹೊತ್ತು ಅವನು ಕೋಟು ಹಾಕಿಕೊಂಡು ಬೀದಿಗೆ ಹೋಗಿ, ಆಟದ ಅಂಗಡಿಗಳಲ್ಲಿ ಯಾರದೋ ಬೆನ್ನ ಹಿಂದೆ ನಿಂತು, ಅವರು ಆಡುವುದನ್ನು ಸುಮ್ಮನೆ ನೋಡಿ ಬರುತ್ತಿದ್ದನಂತೆ. ಯಾರೂ ಗುರುತು ಹಿಡಿಯುತ್ತಿರಲಿಲ್ಲ.

ಆ ಕಾಲದಲ್ಲಿ ಅವನು ಮಾಡಿಸಿದ್ದು ದ್ವೀಪದ ಆಟ. ಖಾಲಿ ದ್ವೀಪ, ಅದರಲ್ಲಿ ನಡೆಯುವವನು ಒಬ್ಬನೇ. ಹೊಸವರ್ಷಕ್ಕೆ ಅಂಗಡಿಗೆ ಬರಲೇಬೇಕೆಂದು ಅವಸರ. ಆ ಒಂದು ಸಲ ಅವನು ಅಕ್ಕನಿಗೆ ಮೊದಲೇ ಕಳಿಸಲಿಲ್ಲ. ಎಲ್ಲರಿಗೂ ಹೋದ ಹಾಗೆ ಅವಳಿಗೂ ಆಟ ತುಂಬಿದ ಒಂದು ಕ್ಯಾಸೆಟ್ ಹೋಯಿತು. ಕೆಲಸದ ಗಡಿಬಿಡಿಯಲ್ಲಿ ಅವನು ಹೋಗಿ ನೋಡಲೂ ಇಲ್ಲ. ಹಿಮ ಕರಗುವ ಹೊತ್ತಿಗೆ ಸವಾ ತೀರಿಕೊಂಡಳು.

ಅವಳ ಬಟ್ಟೆಬರೆ ತರಲು ಅವನು ಗುಡ್ಡ ಹತ್ತಿದ. ಅಲ್ಲಿಯ ವಯಸ್ಸಾದ ನರ್ಸಮ್ಮ ಗಂಟು ಕೈಗಿಡುತ್ತಾ ಕೇಳಿದಳಂತೆ, "ನಿಮ್ಮ ಅಕ್ಕನ ಕಾಗದ ನಿಮಗೆ ಮುಟ್ಟಿತ್ತಾ?"

"ಯಾವ ಕಾಗದ?"

"ಆ ದ್ವೀಪದಲ್ಲಿ, ಉತ್ತರ ದಿಕ್ಕಿನ ಬಂಡೆ ಹಿಂದೆ ಸಿಕ್ಕಿಹಾಕಿಕೊಂಡಿದ್ದರು. ಹನ್ನೊಂದು ದಿನ ಅಲ್ಲೇ ಸುತ್ತಿದರು. ಬಿಟ್ಟು ಬೇರೆ ಆಡಿ ಅಂದೆ. ಕೇಳಲಿಲ್ಲ. ನನ್ನ ತಮ್ಮ ದಾರಿಯಿಲ್ಲದ ಕಡೆ ಯಾರನ್ನೂ ಬಿಡೋನಲ್ಲ, ಉತ್ತರ ಬರೀತಾನೆ ಅಂದರು. ಕ್ಯಾಸೆಟ್ ಡಬ್ಬಿ ಮೇಲಿದ್ದ ಕಂಪನಿ ವಿಳಾಸಕ್ಕೆ ನಾನೇ ಅಂಚೆಗೆ ಹಾಕಿದ್ದೆ."

ಅವನು ಪಟ್ಟಣಕ್ಕೆ ಓಡಿದ. ಕಂಪನಿಯ ಉಗ್ರಾಣದಲ್ಲಿ ಆಟಗಾರರ ಕಾಗದಗಳು ಮೂಟೆಮೂಟೆ ಬಿದ್ದಿದ್ದವು. ಯಾರೂ ಒಡೆದಿರಲಿಲ್ಲ. ಮೂರು ದಿನ ಹುಡುಕಿ ಅಕ್ಕನದನ್ನು ತೆಗೆದನಂತೆ. ಹುಡುಕುವಾಗ ಉಳಿದವನ್ನೂ ಓದಿದ. ಎಷ್ಟೋ ಜನ ಅದೇ ಬಂಡೆಯ ಹಿಂದೆ ಸಿಕ್ಕಿಕೊಂಡಿದ್ದರು. ನಮಗೆ ಬುದ್ಧಿ ಸಾಲದು, ದಾರಿ ಹೇಳಿ ಅಂತ ಬರೆದಿದ್ದರು. ಅಲ್ಲಿ ದಾರಿ ಇರಲೇ ಇಲ್ಲ. ಅವನ ಕಣ್ಣು ತಪ್ಪಿ ಹಾಗೇ ಉಳಿದುಹೋಗಿತ್ತು.

ಅವನು ಯಜಮಾನರ ಮುಂದೆ ನಿಂತು, ಎಲ್ಲ ಕ್ಯಾಸೆಟ್ಟುಗಳನ್ನೂ ವಾಪಸು ತರಿಸಿ ಅಂದ. ಮಾರಿ ಆಗಿದೆ, ಆಟದಲ್ಲಿ ಸಿಕ್ಕಿಕೊಂಡು ಯಾರೂ ಸತ್ತಿಲ್ಲ, ಬಿಡಿ ಅಂದರಂತೆ ಅವರು. ಹಾಗಾದರೆ ಕಾಗದದ ಮೂಟೆಗಳನ್ನು ಕೊಡಿ ಅಂದ. ಕೊಟ್ಟರು. ಅವುಗಳ ಜೊತೆ ಊರಿಗೆ ಬಂದುಬಿಟ್ಟ.

ಆಮೇಲೆ ಅವನು ಒಂದು ಆಟವನ್ನೂ ಕಟ್ಟಲಿಲ್ಲ. ಅಲ್ಲಿ ಕಾಣುವ ಆ ಕಡಲಕಳೆ ಒಣಗಿಸುವ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಒಬ್ಬನೇ ಕೂತು ಉತ್ತರ ಬರೆದ. ಒಂದೊಂದಕ್ಕೂ ಬೇರೆ ಬೇರೆಯಾಗಿ, ಕೈಬರಹದಲ್ಲೇ ಬರೆದ. ಮೊದಲ ಸಾಲು ಮಾತ್ರ ಎಲ್ಲರಿಗೂ ಒಂದೇ. ತಪ್ಪು ನಿಮ್ಮದಲ್ಲ, ನನ್ನದು. ಆಮೇಲೆ, ಅಲ್ಲಿಂದ ಹೊರಬರಲು ಆಗುವುದಿಲ್ಲ, ಮೊದಲಿನಿಂದ ಶುರುಮಾಡಿ, ಈ ಸಲ ಗುಡ್ಡವನ್ನು ಎಡಕ್ಕೆ ಬಿಟ್ಟು ನಡೆಯಿರಿ ಅಂತ. ಜೊತೆಗೆ ಪುಟ್ಟದೊಂದು ನಕ್ಷೆ. ಹೊಸ ಕಾಗದಗಳು ಬರುತ್ತಲೇ ಇದ್ದವು. ಏಳು ಸಾವಿರ ಬರೆದ ಅಂತಾರೆ. ಎಪ್ಪತ್ತು ಸಾವಿರ ಅಂತಾರೆ. ಬೆರಳು ಸೊಟ್ಟಗಾಗಿ, ಪೆನ್ನನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಬರೆದ ಅಂತಾರೆ. ಯಾರ ಮದುವೆಗೂ ಬರಲಿಲ್ಲ, ಯಾರನ್ನೂ ಕರೆಯಲಿಲ್ಲ. ದೋಣಿ ತಿರುಗಿಸಲು ಗೊತ್ತಾಗದ ಬೆಸ್ತರು, ಗಂಡನೊಡನೆ ಮುನಿಸಿಕೊಂಡ ಹೆಂಗಸರು, ಇವನ ಬಾಗಿಲಲ್ಲಿ ನಿಂತು ದಾರಿ ಕೇಳಿದ್ದೂ ಉಂಟಂತೆ. ನನಗೆ ಆ ಒಂದು ದ್ವೀಪ ಮಾತ್ರ ಗೊತ್ತು ಅಂತ ಅವರನ್ನು ಕಳಿಸುತ್ತಿದ್ದನಂತೆ.

ನನ್ನ ಅಜ್ಜಿ ಅವನಿಗೆ ಮೀನು ಕೊಟ್ಟು ಬರುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದಳಂತೆ, "ಇನ್ನೂ ಎಷ್ಟು ದಿನ ಬರೀತೀಯಪ್ಪಾ?"

ಅವನು ತಲೆ ಎತ್ತದೆ ಹೇಳಿದನಂತೆ, "ನಾನು ಬರೀಬೇಕಾಗಿದ್ದದ್ದು ಒಂದೇ ಕಾಗದ ಕಣಮ್ಮಾ. ಅದೊಂದು ಬಿಟ್ಟು ಉಳಿದದ್ದೆಲ್ಲ ಬರೀತಾ ಇದೀನಿ."

ಒಂದು ಬೆಳಿಗ್ಗೆ ಅಜ್ಜಿ ಹೋದಾಗ ಅವನು ಮೇಜಿನ ಮೇಲೆ ತಲೆಯಿಟ್ಟಿದ್ದ. ಮೈ ತಣ್ಣಗಾಗಿತ್ತು. ಮುಗಿಯದ ಕಾಗದವೊಂದು ಕೈಕೆಳಗೆ ಇತ್ತು. ಅಜ್ಜಿಗೆ ಅಕ್ಷರ ಅಷ್ಟಕ್ಕಷ್ಟೆ. ಆದರೂ ಕೂತು, ಅವನ ಹಳೆಯ ಕಾಗದವೊಂದನ್ನು ನೋಡಿಕೊಂಡು ಅದನ್ನು ಮುಗಿಸಿ ಅಂಚೆಗೆ ಹಾಕಿದಳು.

ಈಗಲೂ ವರ್ಷಕ್ಕೆ ಒಂದೋ ಎರಡೋ ಕಾಗದ ಬರುತ್ತವೆ. ಎಲ್ಲೋ ಯಾರೋ ಹಳೆಯ ಕ್ಯಾಸೆಟ್ ಹಾಕಿ ಆ ಬಂಡೆಯ ಹಿಂದೆ ಸಿಕ್ಕಿಕೊಂಡಿರುತ್ತಾರೆ. ಟೊಕಿಜಿ, ಉರಾಶಿಯೊ ಅಂತಷ್ಟೇ ವಿಳಾಸ. ಅಂಚೆಯವನು ದಾರಿಯಲ್ಲಿ ಮೊದಲು ಸಿಕ್ಕವರ ಕೈಗೆ ಅದನ್ನು ಕೊಡುತ್ತಾನೆ. ಸಿಕ್ಕವರು ಅದೇ ದಿನ ಉತ್ತರ ಬರೆಯಬೇಕು, ಅದು ನಮ್ಮೂರಿನ ಪದ್ಧತಿ. ಮೊನ್ನೆ ಅವನಿಗೆ ಒಣಮೀನು ಮಾರುವ ಕಿಯೊ ಸಿಕ್ಕಿದಳು. ಅವಳು ಆ ಆಟವನ್ನು ಕಣ್ಣಾರೆ ಕಂಡವಳೂ ಅಲ್ಲ. ವ್ಯಾಪಾರ ಅಲ್ಲಿಗೇ ನಿಲ್ಲಿಸಿ, ಎರಡು ಸಲ ಸೋಪು ಹಚ್ಚಿ ಕೈ ತೊಳೆದುಕೊಂಡು, ಬರೆಯಲು ಕೂತಳು.