ಡುಬ್ಬನ ತೇಲುವ ವಿದ್ಯೆ

ಮಕ್ಕಳೇ, ಕಡಲಿನ ನಡುವೆ ಒಂದು ಬೋಳು ಬಂಡೆಯಿತ್ತು. ಅದರ ಬುಡದ ನೀರಿನಲ್ಲಿ ಏಳೆಂಟು ಕಡಲಾಮೆ ಮರಿಗಳು ವಾಸವಾಗಿದ್ದವು. ಕಡಲಾಮೆಗಳ ಅಮ್ಮಂದಿರು ಮರಳಿನಲ್ಲಿ ಮೊಟ್ಟೆಯಿಟ್ಟು ಹೋದರೆ ಹೋದರೇ. ಇದನ್ನು ತಿನ್ನು, ಅದನ್ನು ಬಿಡು ಎಂದು ಹೇಳುವವರು ಯಾರೂ ಇರುವುದಿಲ್ಲ. ಆ ಕೆಲಸವನ್ನು ಡುಬ್ಬ ಎಂಬ ಮರಿ ತಾನೇ ತಲೆಯ ಮೇಲೆ ಹೊತ್ತುಕೊಂಡಿದ್ದ. ಉಳಿದವರಿಗಿಂತ ಅವನು ಬರೀ ಹನ್ನೊಂದು ದಿನ ದೊಡ್ಡವನು.

ಆಮೆ ಮರಿಗಳಿಗೆ ಪುಟ್ಟ ಛತ್ರಿಯಂತೆ ತೇಲುವ ಲೋಳೆಮೀನೆಂದರೆ ಪ್ರಾಣ. ಆದರೆ ದಡದ ಜನ ಎಸೆದ ಪ್ಲಾಸ್ಟಿಕ್ ಕವರುಗಳೂ ನೀರಿನಲ್ಲಿ ಥೇಟ್ ಲೋಳೆಮೀನಿನಂತೆಯೇ ಕಾಣುತ್ತವೆ. ನುಂಗಿದರೆ ಕರುಳು ಕಟ್ಟಿಕೊಂಡು, ಹೊಟ್ಟೆಯಲ್ಲಿ ಗಾಳಿ ತುಂಬಿ ಮರಿ ಸಾಯುತ್ತದೆ. ಅದಕ್ಕೇ ಡುಬ್ಬ ದಿನವೂ ಪಾಠ ಮಾಡುತ್ತಿದ್ದ.

"ನೋಡ್ರೋ, ಲೋಳೆಮೀನು ಮುದುಡಿ ಮುದುಡಿ ಅರಳುತ್ತೆ. ಕವರಿಗೆ ಆ ಯೋಗ್ಯತೆ ಎಲ್ಲಿಂದ ಬರಬೇಕು? ಇಷ್ಟೂ ಗೊತ್ತಾಗದವನು ಆಮೆಯೇ ಅಲ್ಲ, ಕಲ್ಲು!"

ಮರಿಗಳು ಕಿಸಕ್ಕನೆ ನಗುತ್ತಿದ್ದವು. ಎಲ್ಲರಿಗಿಂತ ಚಿಕ್ಕವಳಾದ ಮಿಣುಕಿಯಂತೂ ಅವನ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು.

ಒಂದು ದಿನ ಪಾಠ ಮಾಡಿ ಮಾಡಿ ಡುಬ್ಬನಿಗೆ ವಿಪರೀತ ಹಸಿವಾಯಿತು. ಮರಿಗಳನ್ನು ಕಳಿಸಿ ಹಿಂದಿರುಗುವಾಗ ಎದುರಿಗೆ ಬಂದದ್ದನ್ನು ಗಬಕ್ಕನೆ ನುಂಗಿದ. ಗಂಟಲು ದಾಟುವಾಗ ಅದು ಸರಬರ ಎಂದಿತು. ಲೋಳೆಮೀನು ಸರಬರ ಎನ್ನುವುದಿಲ್ಲ.

"ಯಾರೂ ನೋಡಲಿಲ್ಲ ತಾನೆ?" ಎಂದು ಸುತ್ತ ನೋಡಿದ. ಹೊಟ್ಟೆಗೆ ಏನು ಹೋಯಿತು ಎನ್ನುವುದಕ್ಕಿಂತ ಅದೇ ಅವನಿಗೆ ದೊಡ್ಡ ಚಿಂತೆ.

ಎರಡು ದಿನದಲ್ಲಿ ಹೊಟ್ಟೆ ಉಬ್ಬಿತು. ಮೂರನೆಯ ದಿನ ಬೆಳಿಗ್ಗೆ ಡುಬ್ಬನ ಹಿಂಭಾಗ ತಾನಾಗಿಯೇ ಮೇಲಕ್ಕೆದ್ದಿತು. ತಲೆ ಕೆಳಗೆ, ಬಾಲ ಆಕಾಶಕ್ಕೆ. ಎಷ್ಟು ಕಾಲು ಬಡಿದರೂ ಮುಳುಗಲಾಗಲಿಲ್ಲ.

ಬಂಡೆಯ ಬಿರುಕಿನಲ್ಲಿ ಇಕ್ಕಳಮ್ಮ ಎಂಬ ಮುದಿ ಏಡಿ ಇದ್ದಳು. ಸುತ್ತಲಿನ ನೀರಿಗೆಲ್ಲ ಆಕೆಯೇ ವೈದ್ಯೆ. ಆಕೆಯದು ಒಂದೇ ಕಟ್ಟಳೆ: ತಿಂದದ್ದನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಮದ್ದಿಲ್ಲ.

"ಏನು ತಿಂದೆಯೋ ಡುಬ್ಬಾ?" ಎಂದು ಕೇಳಿದಳು ಇಕ್ಕಳಮ್ಮ.

"ಏನೂ ಇಲ್ಲ ಅಜ್ಜಿ. ಇದು ತೇಲುವ ವಿದ್ಯೆ. ಕಷ್ಟಪಟ್ಟು ಸಾಧಿಸಿದೀನಿ."

"ಅಂಡು ಮೇಲೆ ಮಾಡ್ಕೊಂಡು?"

"ಕಷ್ಟ ಇರೋದೇ ಅಲ್ಲಿ, ಅಜ್ಜಿ."

ಇಕ್ಕಳಮ್ಮ ಒಂದು ಕಣ್ಣನ್ನು ಅವನತ್ತ, ಇನ್ನೊಂದನ್ನು ಆಕಾಶದತ್ತ ತಿರುಗಿಸಿದಳು. "ಹೇಳಬೇಕು ಅನ್ನಿಸಿದಾಗ ಕೂಗು. ಬಹಳ ತಡ ಮಾಡಬೇಡ" ಎಂದಳು.

ಸುದ್ದಿ ಹಬ್ಬಿತು. ಮರಿಗಳೆಲ್ಲ ಓಡೋಡಿ ಬಂದವು. "ಗುರುಗಳೇ, ನಮಗೂ ಕಲಿಸಿ!"

ಡುಬ್ಬನಿಗೆ ಬೇರೆ ದಾರಿ ತೋಚಲಿಲ್ಲ. "ಗಾಳಿ ನುಂಗ್ರೋ" ಎಂದುಬಿಟ್ಟ. ಮರಿಗಳು ಗುಟುಕು ಗುಟುಕಾಗಿ ಗಾಳಿ ನುಂಗಿದವು, ಸಾಲಾಗಿ ತೇಗಿದವು, ಬುಳುಕ್ಕೆಂದು ಮುಳುಗಿದವು. ಮಿಣುಕಿಯೊಬ್ಬಳೇ ಬಾಲ ಮೇಲೆತ್ತಿ ಚೆನ್ನಾಗಿ ತೇಲಿದಳು.

"ಭೇಷ್ ಮಿಣುಕಿ!" ಎಂದ ಡುಬ್ಬ. ಒಳಗೊಳಗೇ ಅವನಿಗೆ ಸೋಜಿಗ. ಇಲ್ಲದ ವಿದ್ಯೆಯನ್ನು ಇವಳು ಕಲಿತದ್ದಾದರೂ ಹೇಗೆ?

ಅಷ್ಟರಲ್ಲಿ ನೀರಿನ ಮೇಲೆ ನೆರಳು ಸುಳಿಯಿತು. ಕಡಲ ಹದ್ದು!

ಮರಿಗಳು ಪುಳಕ್ಕನೆ ತಳಕ್ಕಿಳಿದವು. ಡುಬ್ಬ ಮತ್ತು ಮಿಣುಕಿ ಮಾತ್ರ ಮೇಲೆಯೇ ಉಳಿದರು. "ನೋಡ್ರೋ, ಗುರುಗಳಿಗೆ ಹದ್ದಿನ ಭಯವೂ ಇಲ್ಲ!" ಎಂದು ಕೆಳಗಿನ ಮರಿಗಳು ಚಪ್ಪಾಳೆ ತಟ್ಟಿದವು.

"ಮುಳುಗೇ ಮಿಣುಕಿ!" ಎಂದು ಡುಬ್ಬ ಕಿರುಚಿದ.

"ಆಗಲ್ಲ ಅಣ್ಣಾ." ಮಿಣುಕಿ ಕಾಲು ಬಡಿಯುತ್ತಲೇ ಹೇಳಿದಳು. "ನಾನು ಗಾಳಿ ನುಂಗಲೇ ಇಲ್ಲ. ಮೊನ್ನೆ ಕವರ್ ನುಂಗಿಬಿಟ್ಟೆ. ಹೇಳಿದರೆ ನೀನು ಕಲ್ಲು ಅಂತ ನಗ್ತೀಯೇನೋ ಅಂತ ಸುಮ್ಮನಿದ್ದೆ."

ಡುಬ್ಬನಿಗೆ ಹದ್ದಿನ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಹದ್ದು ಕಾಲು ಚಾಚಿ ಇಳಿಯುತ್ತಿತ್ತು, ಅದೂ ನೇರ ಮಿಣುಕಿಯ ಮೇಲೆ.

"ಇಕ್ಕಳಮ್ಮಾ!" ಎಂದು ಗಂಟಲು ಹರಿಯುವಂತೆ ಕೂಗಿದ. "ವಿದ್ಯೆಯೂ ಇಲ್ಲ, ಗಿದ್ಯೆಯೂ ಇಲ್ಲ! ನಾನು ಕವರ್ ನುಂಗಿದೀನಿ, ಮಿಣುಕಿಯೂ ನುಂಗಿದಾಳೆ! ನಮಗೆ ಮುಳುಗೋಕೆ ಆಗ್ತಿಲ್ಲ! ಎಳೀರೋ, ಮೊದಲು ಅವಳನ್ನ ಎಳೀರೋ!"

ಚಪ್ಪಾಳೆ ನಿಂತಿತು. "ಅಯ್ಯೋ!" ಎನ್ನುತ್ತ ಮರಿಗಳು ಮೇಲಕ್ಕೆ ನುಗ್ಗಿ, ಮಿಣುಕಿಯ ಕಾಲು ಕಚ್ಚಿ ಕೆಳಗೆಳೆದವು. ಹಿಂದೆಯೇ ಡುಬ್ಬನನ್ನೂ ಎಳೆದವು. ಹದ್ದಿಗೆ ಸಿಕ್ಕಿದ್ದು ಡುಬ್ಬನ ಚಿಪ್ಪಿನ ಮೇಲೆ ಒಂದು ಗೀರು ಎಳೆಯುವಷ್ಟು ಅವಕಾಶ ಮಾತ್ರ.

ಇಕ್ಕಳಮ್ಮ ಇಬ್ಬರನ್ನೂ ಬಂಡೆಯ ಬಿರುಕಿಗೆ ಸಿಕ್ಕಿಸಿ, ಜಾರುಜಾರಾದ ಪಾಚಿ ನುಂಗಿಸಿ, ಹೊಟ್ಟೆ ನೀವಿದಳು. ಮಿಣುಕಿಯ ಕವರ್ ಚಿಕ್ಕದು, ಬೇಗ ಬಂತು. ಡುಬ್ಬನದು ಸಂಜೆಯ ತನಕ ಸತಾಯಿಸಿತು. ಕೊನೆಗೆ ಬಂಡೆಯೇ ಅದುರುವಂತೆ ಡರ್ರೆಂದು ಗಾಳಿ ಹೊರಟು, ಬೆನ್ನಿಗೇ ಉದ್ದನೆಯ ಕವರ್ ಬಂತು. ಅದರ ಮೇಲೆ ಯಾವುದೋ ಅಂಗಡಿಯವರು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು: 'ವಂದನೆಗಳು, ಮತ್ತೆ ಬನ್ನಿ.'

"ಕವರ್ ಹೊರಬರೋಕೆ ಅರ್ಧ ದಿನ ಸಾಕಾಯ್ತು. ನಿನ್ನ ಬಾಯಿಂದ ಒಂದು ಮಾತು ಹೊರಬರೋಕೆ ಮೂರು ದಿನ ಹಿಡೀತಲ್ಲೋ!" ಎಂದಳು ಇಕ್ಕಳಮ್ಮ.

ಡುಬ್ಬ ತಲೆ ತಗ್ಗಿಸಿದ. ಆಮೇಲೆ ಮರಿಗಳ ಕಡೆ ತಿರುಗಿ, "ನಾನೇ ಕಲ್ಲು ಕಣ್ರೋ. ಇನ್ನು ಯಾರಾದರೂ ನುಂಗಿದ್ದರೆ ಈಗಲೇ ಹೇಳಿಬಿಡಿ. ನಾನು ನಗಲ್ಲ" ಎಂದ.

ಮರಿಗಳು ಮುಖ ಮುಖ ನೋಡಿಕೊಂಡವು. ಆಮೇಲೆ ಮೆಲ್ಲಗೆ, ಒಂದರ ಹಿಂದೆ ಒಂದರಂತೆ, ಹೊಟ್ಟೆ ಇನ್ನೂ ಉಬ್ಬಿರದ ಮೂರು ಮರಿಗಳು ಇಕ್ಕಳಮ್ಮನ ಮುಂದೆ ಸಾಲಾಗಿ ನಿಂತವು.

ನೀತಿ: ಮಾಡಿದ ತಪ್ಪನ್ನು ಹೇಳಿಕೊಳ್ಳಲು ನಾಚಬಾರದು, ತಪ್ಪಿದವರನ್ನು ನೋಡಿ ನಗಬಾರದು, ನಕ್ಕರೆ ಅವರೂ ಮುಚ್ಚಿಡುತ್ತಾರೆ.