ಡಾಕ್ಟರ ಖಾಲಿ ಬ್ಯಾಡ್ಜು

ಡಾಕ್ಟರ್ ಜಯವರ್ಧನ ಮಹಾ ಪಂಡಿತರು. ವಿಕಿರಣ ಔಷಧಿ ಕೊಟ್ಟು ಸ್ಕ್ಯಾನ್ ಮಾಡುವ ಆರು ತಿಂಗಳ ತರಬೇತಿಯನ್ನು ಒಂದು ದಿನವೂ ಹೋಗದೆ ಮುಗಿಸಿದ್ದರು.

“ಏನಯ್ಯ ತಿಪ್ಪೇರುದ್ರ, ನನ್ನ ಹಾಜರಿ ತುಂಬಿ ಸರ್ಟಿಫಿಕೇಟಿಗೆ ಕಳಿಸು. ಇಲ್ಲದಿದ್ದರೆ ನಾಳೆಯಿಂದ ನಿನಗೆ ಕೆಲಸವಿಲ್ಲ,” ಎಂದರು ಗುಮಾಸ್ತನಿಗೆ.

“ಆಗಲಿ ಸಾರ್. ಜೊತೆಗೆ ನಿಮ್ಮ ಬ್ಯಾಡ್ಜೂ ಹೋಗಬೇಕು. ಮೈಗೆ ತಗುಲಿದ ವಿಕಿರಣ ಅಳೆಯುವುದು. ನಿಮ್ಮದರಲ್ಲಿ ಸೊನ್ನೆ ಇದೆ.”

“ಅದಕ್ಕೇನೀಗ?”

“ಹಾಜರಿ ಪೂರ್ತಿ, ಬ್ಯಾಡ್ಜ್ ಸೊನ್ನೆ ಅಂದರೆ, ಬ್ಯಾಡ್ಜ್ ಹಾಕದೆ ಆರು ತಿಂಗಳು ಕೆಲಸ ಮಾಡಿದ್ದೀರಿ ಅಂತಾಯ್ತು. ಒಳಗೆಷ್ಟು ಸೇರಿದೆಯೋ! ಒಂದು ತಿಂಗಳು ದಿನಾ ನಿಮ್ಮ ಮೂತ್ರ ಹಿಡಿದು ಪರೀಕ್ಷೆಗೆ ಕಳಿಸಬೇಕು. ಇಗೋ, ಕ್ಯಾನು.”

ಕ್ಯಾನು ಐದು ಲೀಟರಿನದು. ಡಾಕ್ಟರ್ ಅದನ್ನು ಹಿಂದಕ್ಕೆ ತಳ್ಳಿದರು.

“ಅಯ್ಯೋ, ನಾನು ಆ ಸ್ಕ್ಯಾನ್ ಕೋಣೆಯ ಬಾಗಿಲನ್ನೂ ನೋಡಿಲ್ಲ ಕಣಯ್ಯ!”

ತಿಪ್ಪೇರುದ್ರ ಬಿಳಿ ಹಾಳೆ, ಪೆನ್ನು ಮುಂದಿಟ್ಟ.

“ಅದನ್ನೇ ಬರೆದು ಸಹಿ ಹಾಕಿ, ಸಾರ್.”